‘ಳು’ ಬರುವ ಮುಂಚೆ

ನನ್ನ ಕಾದಂಬರಿಯ ಮೊದಲ ಕರಡು ಮೂವತ್ತನೇ ಪುಟಕ್ಕೇ ನಿಂತಿತು. ನವ್ಯರನ್ನು, ಅಂದರೆ ಒಂಟಿ ಮನುಷ್ಯನ ಒಳತೋಟಿ ಬರೆದ ಐವತ್ತು-ಅರವತ್ತರ ದಶಕದ ಕನ್ನಡ ಲೇಖಕರನ್ನು, ಓದಿ ಬೆಳೆದವಳು ನಾನು. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯಲ್ಲಿ (1965) ಹೆಂಡತಿಯ ದಹನ ಮುಗಿಸಿ ಪ್ರಾಣೇಶಾಚಾರ್ಯರು ಅಗ್ರಹಾರ ಬಿಟ್ಟು ಸುಮ್ನೆ ನಡೆದುಬಿಡುತ್ತಾರಲ್ಲ, ನನ್ನ ನಾಯಕಿ ಶಾರದೆಯನ್ನೂ ಹಾಗೇ ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳನ್ನೇ ಕೂರಿಸಿ ಯೋಚನೆಗೆ ಹಚ್ಚಿದೆ. ಎರಡು ಪುಟ ಬರೆದ ಮೇಲೆ ಅನುಮಾನ ಬಂತು. ಇವಳ ಮಗು ಎಲ್ಲಿ? ರಾತ್ರಿ ಹಾಲಿಗೆ ಹೆಪ್ಪು ಹಾಕಿದ್ದು ಯಾರು?

ನವ್ಯದೊಳಗೇ ನಿಂತು ಹೆಣ್ಣಿನ ಕಥೆ ಹೇಳಿದ ವೀಣಾ ಶಾಂತೇಶ್ವರ ನನ್ನ ಮುಂದಿದ್ದರು. ಹಾಗಾಗಿ ವಸ್ತುವಿನ ಬಗ್ಗೆ ಹೆದರಿಕೆ ಇರಲಿಲ್ಲ. ತೊಡಕಿದ್ದದ್ದು ವಾಕ್ಯದಲ್ಲಿ.

1923ರಲ್ಲಿ ಇಂಗ್ಲಿಷ್ ಲೇಖಕಿ ವರ್ಜಿನಿಯಾ ವುಲ್ಫ್ ಇನ್ನೊಬ್ಬ ಕಾದಂಬರಿಗಾರ್ತಿ ಡೊರೊತಿ ರಿಚರ್ಡ್‌ಸನ್ ಬಗ್ಗೆ ಬರೆಯುತ್ತಾ, ಆಕೆ ಹೆಣ್ಣಿನ ಮನಸ್ಸಿನದೇ ಒಂದು ವಾಕ್ಯ ಕಂಡುಕೊಂಡಿದ್ದಾಳೆ, ಅದು ಎಷ್ಟು ಬೇಕಾದರೂ ಹಿಗ್ಗುತ್ತದೆ ಎಂದಿದ್ದರು. ಓದಿ ಹೊಟ್ಟೆಕಿಚ್ಚಾಯಿತು. ಕನ್ನಡದಲ್ಲಿ ‘ನಾನು ಬಂದೆ’ ಎಂದರೆ ಗಂಡೂ ಅಲ್ಲ, ಹೆಣ್ಣೂ ಅಲ್ಲ. ‘ಅವಳು’ ಎಂದರೆ ಪ್ರತಿ ವಾಕ್ಯಕ್ಕೂ ಒಂದು ಬಾಲ. ನನ್ನ ಒಂದು ಪುಟದಲ್ಲಿ ಎಣಿಸಿದೆ: 31 ‘ಳು’.

ದಾರಿ ಸಿಕ್ಕಿದ್ದು ಅತ್ತೆಯ ಬಾಯಲ್ಲಿ. ಮಲ್ಲಿಗೆ ಕಟ್ಟುತ್ತಾ ಹೇಳುತ್ತಿದ್ದರು: “ಅವತ್ತು ಎದ್ದು, ಒಲೆ ಹಚ್ಚಿ, ಇವನನ್ನ ಎಬ್ಬಿಸಿ, ಅಷ್ಟರಲ್ಲಿ ನಿಮ್ಮ ಮಾವ ಕರೆದ್ರು ಅಂತ ಓಡಿಹೋಗಿ, ಆ ಬಾಳೆನಾರು ಕೊಡಮ್ಮ, ಹೋಗಿ ನೋಡಿ...” ಯಾರೋ ಬಾಗಿಲು ತಟ್ಟಿದರು. ಮಾತು ಅಲ್ಲಿಗೇ ನಿಂತಿತು.

ಎದ್ದು, ಹಚ್ಚಿ, ಎಬ್ಬಿಸಿ. ‘ನಾನು’ ಆದರೂ ‘ಅವಳು’ ಆದರೂ ಇವು ಬದಲಾಗಲ್ಲ, ಅಲ್ವಾ? ಹೇಳುತ್ತಿರುವುದು ಶಾರದೆಯೋ ನಾನೋ ಅನ್ನೋದು ಕೊನೆಯ ಪದದವರೆಗೂ ಗೊತ್ತಾಗಲ್ಲ. ನಡುವೆ ಬಾಳೆನಾರೂ ಬರಬಹುದು, ಬಾಗಿಲೂ ಬಡಿಯಬಹುದು.

ಬಸ್ ಸ್ಟ್ಯಾಂಡ್ ಅಧ್ಯಾಯ ಮತ್ತೆ ಬರೆದೆ. ಈ ಸಲ ಮಡಿಲಲ್ಲಿ ಮಗು, ಪಕ್ಕದಲ್ಲಿ ನಾದಿನಿ. ಒಂದೂವರೆ ಪುಟಕ್ಕೆ ಒಂದೇ ವಾಕ್ಯ, ಕೊನೆಗೆ ಒಂದೇ ‘ಹತ್ತಿದಳು’. ಹದಿನಾರು ಸಲ ತಿದ್ದಿದೆ. ಆಮೇಲೆ ಅದೇ ಖುಷಿಯಲ್ಲಿ ಇಡೀ ಕಾದಂಬರಿಗೆ ಇದನ್ನೇ ಬಳಿದುಬಿಟ್ಟೆ. ಜಾಸ್ತಿ ಆಯಿತು. ಶಾರದೆಗೆ ಸಿಟ್ಟು ಬಂದ ಕಡೆಯೆಲ್ಲ ಒಡೆದು ಚಿಕ್ಕದು ಮಾಡಬೇಕಾಯಿತು. ಸಿಟ್ಟಿನಲ್ಲಿ ಯಾರೂ ‘ಎದ್ದು, ಹೋಗಿ, ನೋಡಿ’ ಅನ್ನಲ್ಲ.

ಅಚ್ಚಾದ ಮೇಲೆ ಆ ಒಂದೂವರೆ ಪುಟವನ್ನು ಅತ್ತೆಗೆ ಓದಿ ಹೇಳಿದೆ. “ಚೆನ್ನಾಗಿದೆ,” ಅಂದರು. “ಆದ್ರೆ ಇಷ್ಟುದ್ದ ಯಾರಮ್ಮ ಮಾತಾಡ್ತಾರೆ?”