ಇಪ್ಪತ್ತಮೂರು ಗಂಟೆಯ ಯುಗಾದಿ

ಜರ್ಮನಿಯ ಡ್ರೆಸ್ಡೆನ್‌ನಿಂದ ಜೆಕ್ ದೇಶದ ರಾಜಧಾನಿ ಪ್ರಾಗ್‌ಗೆ ಸುಮಾರು 150 ಕಿಲೋಮೀಟರ್. ಹೆಚ್ಚು ಕಡಿಮೆ ಬೆಂಗಳೂರಿನಿಂದ ಮೈಸೂರಿಗೆ ಹೋಗುವಷ್ಟೇ ದೂರ. ಆದರೂ ಓದಲು ಬಂದು ಒಂದೂವರೆ ವರ್ಷ ಕಳೆದರೂ ನಾವು ಹೋಗಿರಲಿಲ್ಲ. ಪಕ್ಕದಲ್ಲೇ ಇದೆಯಲ್ಲ, ಯಾವಾಗ ಬೇಕಾದರೂ ಹೋಗಬಹುದು ಎಂಬ ಊರುಗಳಿಗೆ ಯಾರೂ ಹೋಗುವುದಿಲ್ಲ. ಕೊನೆಗೆ 2025ರ ಮಾರ್ಚ್ 29 ಮತ್ತು 30, ಶನಿವಾರ ಮತ್ತು ಭಾನುವಾರ ಎಂದು ಗೊತ್ತುಮಾಡಿದೆವು. ಹೊರಟವರು ನಾಲ್ವರು: ನಾನು, ಧಾರವಾಡದ ಗೆಳೆಯ, ಪುತ್ತೂರಿನ ಗೆಳತಿ, ಕೊಯಮತ್ತೂರಿನ ಇನ್ನೊಬ್ಬ ಗೆಳತಿ. ಐದನೆಯವನ ವಾಸದ ಪರವಾನಗಿ ನವೀಕರಣಕ್ಕೆ ಹೋಗಿತ್ತು. ಗಡಿ ದಾಟುವ ಗೋಜು ಬೇಡವೆಂದು ಅವನು ಉಳಿದುಕೊಂಡ.

ದಿನ ಆರಿಸುವಾಗ ಕ್ಯಾಲೆಂಡರ್‌ನಲ್ಲಿ ಪರೀಕ್ಷೆ ಇಲ್ಲವೆಂಬುದನ್ನು ಮಾತ್ರ ನೋಡಿದ್ದೆವು. ಶನಿವಾರ ಅಮಾವಾಸ್ಯೆ, ಅಂದೇ ಸೂರ್ಯಗ್ರಹಣ, ಭಾನುವಾರ ಯುಗಾದಿ ಎಂಬುದು ಟಿಕೆಟ್ ಕೊಂಡ ಮೇಲೆ ಅಮ್ಮನಿಂದ ತಿಳಿಯಿತು. ಆ ಭಾನುವಾರದ ಇನ್ನೊಂದು ವಿಶೇಷವನ್ನು ಅಮ್ಮನೂ ಹೇಳಲಿಲ್ಲ, ನಮಗೂ ಹೊಳೆಯಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಜರ್ಮನಿಯಲ್ಲಿ ಓದುವ ನಮ್ಮಂಥವರ ಲೆಕ್ಕಾಚಾರ ಬ್ಲಾಕ್ಡ್ ಅಕೌಂಟಿನಿಂದ ಶುರುವಾಗುತ್ತದೆ. ಬರುವ ಮೊದಲೇ ಒಂದು ವರ್ಷದ ಖರ್ಚನ್ನು ಅದರಲ್ಲಿ ಇಡಬೇಕು. ಆಗ ತಿಂಗಳಿಗೆ ಕೈಗೆ ಬರುತ್ತಿದ್ದದ್ದು 992 ಯೂರೊ. ಬಾಡಿಗೆ, ವಿಮೆ, ದಿನಸಿ ಕಳೆದು ಉಳಿದದ್ದರಲ್ಲಿ ತಿರುಗಾಟ. ಆದ್ದರಿಂದ ಮೂರು ವಾರ ಮೊದಲೇ ರೈಲಿನ ರಿಯಾಯಿತಿ ಟಿಕೆಟ್ ತೆಗೆದೆವು. ಶುಕ್ರವಾರ ರಾತ್ರಿ ಚಪಾತಿ ಮಾಡಿಕೊಂಡೆವು. ಧಾರವಾಡದವನ ಮನೆಯಿಂದ ಬಂದಿದ್ದ ಶೇಂಗಾ ಚಟ್ನಿಪುಡಿಯ ಡಬ್ಬವನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ನಾನು ಒಂದು ಪಟ್ಟಿಯನ್ನೂ ಮಾಡಿದ್ದೆ: ಎರಡು ದಿನ, ಹದಿನಾಲ್ಕು ಜಾಗ, ಒಂದೊಂದಕ್ಕೂ ಇಷ್ಟಿಷ್ಟು ನಿಮಿಷ. ನಾವು ನೋಡಿದ್ದು ಐದು.

ಮೊದಲ ಪೆಟ್ಟು ಡ್ರೆಸ್ಡೆನ್ ನಿಲ್ದಾಣದಲ್ಲೇ ಬಿತ್ತು. ರೈಲು ಬರಲು ಹನ್ನೆರಡು ನಿಮಿಷ ಇದ್ದಾಗ ‘ಪಾಸ್‌ಪೋರ್ಟ್ ಎಲ್ಲರ ಹತ್ತಿರವೂ ಇದೆಯಲ್ಲ?’ ಎಂದು ಪುತ್ತೂರಿನವಳು ಕೇಳಿದಳು. ಧಾರವಾಡದವನು ಜಂಬದಿಂದ ವಾಸದ ಪರವಾನಗಿಯ ಕಾರ್ಡ್ ತೆಗೆದು ತೋರಿಸಿದ. ಅದೊಂದೇ ಸಾಲದು. ಕಾರ್ಡಿನ ಜೊತೆಗೆ ಊರ್ಜಿತವಾಗಿರುವ ಪಾಸ್‌ಪೋರ್ಟ್ ಇದ್ದರೆ ಮಾತ್ರ ಷೆಂಗೆನ್ ಒಪ್ಪಂದದ ಯುರೋಪಿನ ದೇಶಗಳಲ್ಲಿ 180 ದಿನಗಳಿಗೆ 90 ದಿನ ಓಡಾಡಬಹುದು. ಅಲ್ಲದೆ, 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ನಡೆಸುತ್ತಿತ್ತು. ಹೋಗುವಾಗ ಯಾರೂ ಕೇಳದಿರಬಹುದು, ಬರುವಾಗ ಕೇಳುತ್ತಾರೆ. ಅವನು ಕೋಣೆಗೆ ಓಡಿದ, ನಾವು ಮೂವರು ರೈಲು ಹತ್ತಿದೆವು. ಪ್ರಾಗ್‌ನ ರೈಲು ಎರಡು ಗಂಟೆಗೊಂದು, ಅವನ ರಿಯಾಯಿತಿ ಟಿಕೆಟ್ ಆ ಒಂದೇ ರೈಲಿಗೆ. ಪಾಪ, ಹೊಸದಾಗಿ ಬಸ್ ಟಿಕೆಟ್ ಕೊಂಡು ಮಧ್ಯಾಹ್ನಕ್ಕೆ ಬಂದು ಸೇರಿಕೊಳ್ಳಬೇಕಾಯಿತು.

ರೈಲಿನ ಬಗ್ಗೆ ಒಂದು ಮಾತು: ಹೋಗುವಾಗ ಎಡಗಡೆಯ ಕಿಟಕಿ ಹಿಡಿಯಿರಿ. ಹಳಿ ಎಲ್ಬೆ ನದಿಯ ದಡದಲ್ಲೇ ಸಾಗುತ್ತದೆ. ಆಚೆ ದಡದಲ್ಲಿ ಮರಳುಗಲ್ಲಿನ ಬಂಡೆಗಳು ಕಂಬಗಳಂತೆ ಎದ್ದು ನಿಂತಿವೆ. ಗಡಿ ದಾಟಿದ ಮೇಲೆ ನದಿಯ ಹೆಸರು ಲಾಬೆ. ಇನ್ನಷ್ಟು ಮೇಲಕ್ಕೆ ಹೋದರೆ ಅದಕ್ಕೆ ವ್ಲ್ತಾವಾ ಸೇರುತ್ತದೆ, ಪ್ರಾಗ್‌ನ ನಡುವೆ ಹರಿಯುವುದು ಅದೇ. ಅಂದರೆ ದಿನವೂ ನಾವು ಡ್ರೆಸ್ಡೆನ್‌ನಲ್ಲಿ ಸೈಕಲ್ ನಿಲ್ಲಿಸಿ ನೋಡುವ ನೀರಿನಲ್ಲಿ ಪ್ರಾಗ್‌ನಿಂದ ಬಂದದ್ದೂ ಇದೆ.

ಪಟ್ಟಿಯ ಪ್ರಕಾರ ಶನಿವಾರ ಬೆಳಿಗ್ಗೆ ಯೋಸೆಫೊವ್, ಅಂದರೆ ಹಳೆಯ ಯಹೂದಿ ಬಡಾವಣೆ. ಭಾನುವಾರ ಕೋಟೆ. ಯೋಸೆಫೊವ್ ತಲುಪಿದಾಗ ಟಿಕೆಟ್ ಕಿಟಕಿ ಮುಚ್ಚಿತ್ತು. ಯಹೂದಿಗಳಿಗೆ ಶನಿವಾರ ಸಬ್ಬತ್, ಅಂದರೆ ವಿಶ್ರಾಂತಿಯ ದಿನ, ಅಂದು ಅಲ್ಲಿನ ಯಹೂದಿ ವಸ್ತುಸಂಗ್ರಹಾಲಯದ ಬಾಗಿಲು ತೆರೆಯುವುದೇ ಇಲ್ಲ. ಪ್ರತಿ ಜಾಗಕ್ಕೂ ನಿಮಿಷದ ಲೆಕ್ಕ ಹಾಕಿದ್ದ ನಾನು ವಾರ ಯಾವುದೆಂದು ನೋಡಿರಲಿಲ್ಲ. ಕೊಯಮತ್ತೂರಿನವಳು ಒಂದು ಮಾತೂ ಆಡದೆ ನನ್ನ ಪಟ್ಟಿಯನ್ನು ಮಡಚಿ ತನ್ನ ಚೀಲದಲ್ಲಿ ಇಟ್ಟುಕೊಂಡಳು.

ಅವಳಿಗೂ ಒಂದು ಪಾಠ ಕಾದಿತ್ತು. ಜೆಕ್ ದೇಶ ಐರೋಪ್ಯ ಒಕ್ಕೂಟದಲ್ಲಿದ್ದರೂ ಅಲ್ಲಿನ ನಾಣ್ಯ ಕೊರುನಾ. ಆಗ ಒಂದು ಯೂರೊಗೆ ಸುಮಾರು 25 ಕೊರುನಾ. ಹಳೇ ಪಟ್ಟಣದ ಚೌಕದ ಬಳಿ ‘ಕಮಿಷನ್ ಸೊನ್ನೆ’ ಎಂಬ ಬೋರ್ಡ್ ನೋಡಿ ಅವಳು 50 ಯೂರೊ ಕೊಟ್ಟು 1000 ಕೊರುನಾ ಪಡೆದು ಬಂದಳು. ಕಮಿಷನ್ ನಿಜಕ್ಕೂ ಸೊನ್ನೆಯೇ, ದರವೇ 20. ಐದರಲ್ಲೊಂದು ಭಾಗ ಸುಮ್ಮನೆ ಹೋಗಿತ್ತು. ಪುತ್ತೂರಿನವಳು ಮೊಬೈಲ್‌ನಲ್ಲಿ ಹುಡುಕಿ ಒಂದು ಕಾನೂನು ಪತ್ತೆ ಮಾಡಿದಳು: 2019ರ ಏಪ್ರಿಲ್‌ನಿಂದ, ಬದಲಿಸಿದ ಹಣ 1000 ಯೂರೊ ಮೀರದಿದ್ದರೆ, ಮೂರು ಗಂಟೆಯೊಳಗೆ ರಶೀದಿ ತೋರಿಸಿ ವ್ಯವಹಾರವನ್ನು ರದ್ದುಪಡಿಸಬಹುದು. ಇಬ್ಬರೂ ಹೋಗಿ ನಿಂತರು. ಕಿಟಕಿಯ ಒಳಗಿದ್ದವನು ಮುಖ ಗಂಟಿಕ್ಕಿಕೊಂಡೇ 50 ಯೂರೊ ವಾಪಸು ಎಣಿಸಿದ. ಆಮೇಲೆ ಒಂದು ಬ್ಯಾಂಕಿನ ಎಟಿಎಂನಲ್ಲಿ ಹಣ ತೆಗೆದೆವು. ಅಲ್ಲಿಯೂ ಒಂದು ಬಲೆ ಇದೆ. ‘ನಿಮ್ಮ ನಾಣ್ಯಕ್ಕೆ ನಾವೇ ಪರಿವರ್ತಿಸಲೇ?’ ಎಂದು ಯಂತ್ರ ಕೇಳುತ್ತದೆ, ಬೇಡ ಎನ್ನಬೇಕು. ಹಾಗೆ ನೋಡಿದರೆ ತೆಗೆದ ಹಣವೇ ಹೆಚ್ಚಾಯಿತು, ಹೆಚ್ಚಿನ ಕಡೆ ಕಾರ್ಡ್ ನಡೆಯುತ್ತದೆ.

ಗಂಟೆ ಹನ್ನೊಂದಾಗುತ್ತಿತ್ತು. ಪಕ್ಕದಲ್ಲೇ 1410ರ ಖಗೋಳ ಗಡಿಯಾರ. ಗಂಟೆ ಹೊಡೆಯುವಾಗ ಅಸ್ಥಿಪಂಜರವೊಂದು ಗಂಟೆಯ ಹಗ್ಗ ಎಳೆಯುತ್ತದೆ, ಮೇಲಿನ ಎರಡು ಕಿಟಕಿಗಳಲ್ಲಿ ಯೇಸುವಿನ ಶಿಷ್ಯರು ಸುತ್ತು ಬರುತ್ತಾರೆ, ಕೋಳಿ ಕೂಗುತ್ತದೆ. ಮುಗಿಯಿತು. ಇದನ್ನು ನೋಡಲು ನೂರಾರು ಜನ ಮೊಬೈಲ್ ಎತ್ತಿ ನಿಂತಿರುತ್ತಾರೆ, ಅವರ ಜೇಬು ನೋಡಲು ಇನ್ನು ಕೆಲವರು. ನನಗೆ ಇಷ್ಟವಾದದ್ದು ಕಿಟಕಿಗಳ ಕೆಳಗಿನ ಎರಡು ಫಲಕಗಳಲ್ಲಿ ಮೇಲಿನದು. ಸೂರ್ಯ, ಚಂದ್ರ, ರಾಶಿಚಕ್ರ ಎಲ್ಲವೂ ಅದರಲ್ಲಿವೆ. ಅಮಾವಾಸ್ಯೆಯಾದ್ದರಿಂದ ಸೂರ್ಯ ಚಂದ್ರರ ಮುಳ್ಳುಗಳು ಒಂದರ ಹತ್ತಿರ ಒಂದು ನಿಂತಿದ್ದವು.

ಹನ್ನೆರಡಕ್ಕೆ ಫ್ಲೊರೆನ್ಸ್ ಬಸ್ ನಿಲ್ದಾಣದಲ್ಲಿ ಧಾರವಾಡದವನಿಗಾಗಿ ಕಾಯುತ್ತಿದ್ದಾಗ ಅಮ್ಮನ ಕರೆ. ‘ಇಲ್ಲಿ ಗ್ರಹಣ ಕಾಣುವುದಿಲ್ಲವಂತೆ, ಅಲ್ಲಿ ಕಾಣುತ್ತದಂತೆ. ಬಿಡುವವರೆಗೆ ಹೊರಗೆ ಕಾಲಿಡಬೇಡ.’ ನಾನು ಬಸ್ ನಿಲ್ದಾಣದೊಳಗೇ ಇದ್ದೇನೆಂದೆ, ಸುಳ್ಳಲ್ಲ. ಆ ಊರಿಗೆ ಅದು ಸಣ್ಣ ಪಾರ್ಶ್ವ ಗ್ರಹಣ, ಹಗಲಿನ ಬೆಳಕು ಕುಗ್ಗಿದ್ದೇ ಗೊತ್ತಾಗಲಿಲ್ಲ. ಗ್ರಹಣ ಬಿಡುವ ಹೊತ್ತಿಗೆ ಅವನು ಬಂದ. ಪಾಸ್‌ಪೋರ್ಟನ್ನು ಎದೆಯ ಮೇಲಿನ ಒಳಜೇಬಿನಲ್ಲಿಟ್ಟು ಪಿನ್ನು ಚುಚ್ಚಿಕೊಂಡಿದ್ದ.

ನಾಲ್ವರೂ 24 ಗಂಟೆಯ ಪ್ರಯಾಣದ ಟಿಕೆಟ್ ಪಡೆದೆವು. ಆಗ ಅದಕ್ಕೆ 120 ಕೊರುನಾ. ಮೆಟ್ರೊ, ಟ್ರಾಮ್, ಬಸ್ ಎಲ್ಲಕ್ಕೂ ಒಂದೇ. ಕಾಗದದ ಟಿಕೆಟ್ ಕೊಂಡರೆ ಸಾಲದು, ಹಳದಿ ಪೆಟ್ಟಿಗೆಗೆ ಒಮ್ಮೆ ತೂರಿಸಿ ಹೊತ್ತಿನ ಮುದ್ರೆ ಹಾಕಿಸಬೇಕು, ಇಲ್ಲದಿದ್ದರೆ ದಂಡ. ನಾರೊದ್ನಿ ಬೀದಿಯಲ್ಲಿ 22ನೇ ನಂಬರಿನ ಟ್ರಾಮ್ ಹಿಡಿದು ಕೋಟೆಗೆ ಹೋದೆವು. 1989ರ ನವೆಂಬರ್ 17ರಂದು ವಿದ್ಯಾರ್ಥಿಗಳ ಮೆರವಣಿಗೆಯನ್ನು ಪೊಲೀಸರು ತಡೆದು ಹೊಡೆದದ್ದು ಇದೇ ಬೀದಿಯಲ್ಲಿ. ಅಲ್ಲಿಂದ ಎದ್ದ ಚಳವಳಿ ಕೆಲವೇ ವಾರಗಳಲ್ಲಿ ಕಮ್ಯುನಿಸ್ಟ್ ಆಡಳಿತವನ್ನು ಇಳಿಸಿತು. ಕಮಾನಿನ ಕೆಳಗೆ ಗೋಡೆಯ ಮೇಲೆ, ಮೇಲೆತ್ತಿದ ಕೈಗಳ ಸಣ್ಣ ಕಂಚಿನ ಫಲಕವೊಂದಿದೆ, ಅಷ್ಟೇ.

ಕೋಟೆಯ ಬಗ್ಗೆ ಬರೆಯಲು ನನ್ನಲ್ಲಿ ಹೆಚ್ಚಿಲ್ಲ. ತಪಾಸಣೆಯ ಸಾಲು, ಟಿಕೆಟ್‌ನ ಸಾಲು, ಸಂತ ವಿಟುಸ್ ಚರ್ಚಿನ ಸಾಲು. ಅಂಗಳಕ್ಕೆ ಹೋಗಲು ಹಣ ಕೊಡಬೇಕಿಲ್ಲ, ಒಳಗಿನ ಕಟ್ಟಡಗಳಿಗೆ ಟಿಕೆಟ್ ಬೇಕು. ಇಪ್ಪತ್ತಾರು ವರ್ಷದೊಳಗಿನ ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆ. ಚರ್ಚಿನ ಕೆಲಸ 1344ರಲ್ಲಿ ಶುರುವಾಗಿ 1929ರಲ್ಲಿ ಮುಗಿಯಿತೆಂದು ಓದಿ, ‘ನನ್ನ ಪ್ರಬಂಧಕ್ಕೂ ಇಷ್ಟು ಗಡುವು ಕೊಟ್ಟಿದ್ದರೆ’ ಎಂದ ಧಾರವಾಡದವನು.

ಊಟದ್ದೇ ಚಿಂತೆ ಇತ್ತು, ನಮ್ಮಲ್ಲಿ ಮೂವರು ಸಸ್ಯಾಹಾರಿಗಳು. ಜೆಕ್ ಅಡುಗೆಯಲ್ಲಿ ಮಾಂಸ, ಅದರ ಮೇಲೆ ಮಾಂಸದ ಗೊಜ್ಜು. ನಮಗೆ ಒದಗಿದ್ದು ‘ಸ್ಮಾಜೆನಿ ಸಿರ್’, ಅಂದರೆ ಬ್ರೆಡ್ ಪುಡಿ ಸವರಿ ಕರಿದ ಚೀಸ್, ಜೊತೆಗೆ ಆಲೂಗೆಡ್ಡೆ. ಒಂದು ಸಲ ತಿನ್ನಬಹುದು, ಎರಡನೇ ಸಲ ಹೊಟ್ಟೆ ಒಪ್ಪುವುದಿಲ್ಲ. ಬೀದಿ ಬೀದಿಯಲ್ಲೂ ಮಾರುವ ಸುರುಳಿ ಬ್ರೆಡ್ಡನ್ನು ಹಳೆಯ ಜೆಕ್ ತಿಂಡಿ ಎಂದು ಹೇಳುತ್ತಾರೆ, ಅದು ಪ್ರವಾಸಿಗರಿಗಾಗಿ ಬಂದ ತಿಂಡಿ. ಅದರ ಬದಲು ಹಣ್ಣಿನ ‘ಕ್ನೆದ್ಲೀಕಿ’ ಕೇಳಿ. ಹಿಟ್ಟಿನ ಉಂಡೆಯೊಳಗೆ ಹಣ್ಣಿಟ್ಟು ಬೇಯಿಸಿ, ಮೇಲೆ ಬೆಣ್ಣೆ, ಸಕ್ಕರೆ. ಪುತ್ತೂರಿನವಳು ಮೊದಲ ತುತ್ತಿಗೇ ‘ಇದು ಕಡುಬು’ ಎಂದು ತೀರ್ಪು ಕೊಟ್ಟಳು. ರಾತ್ರಿಗೆ ಹಾಸ್ಟೆಲಿನ ಅಡುಗೆಮನೆಯಲ್ಲಿ ಚಪಾತಿ, ಚಟ್ನಿಪುಡಿ. ಕಿಟಕಿಯಾಚೆ ಝಿಶ್ಕೊವ್‌ನ 216 ಮೀಟರ್ ಎತ್ತರದ ಟಿವಿ ಗೋಪುರ, ಅದರ ಮೈಮೇಲೆ ಅಂಬೆಗಾಲಿಡುತ್ತ ಹತ್ತುವ ಮುಖವಿಲ್ಲದ ದೈತ್ಯ ಶಿಶುಗಳ ಪ್ರತಿಮೆಗಳು. ಚೆನ್ನಾಗಿವೆಯೆಂದು ಹೇಳಲಾರೆ, ಮರೆಯಲೂ ಆಗುವುದಿಲ್ಲ.

ಸೂರ್ಯೋದಯಕ್ಕೆ ಚಾರ್ಲ್ಸ್ ಸೇತುವೆಯಲ್ಲಿರಬೇಕೆಂಬುದು ನಮ್ಮ ಯುಗಾದಿಯ ಸಂಕಲ್ಪ. ಎಲ್ಲರ ಮೊಬೈಲ್‌ಗಳೂ ಚಾರ್ಜ್ ಆಗಲು ಅಡುಗೆಮನೆಯಲ್ಲಿದ್ದವು. ಧಾರವಾಡದವನ ಕೈಯಲ್ಲಿ ಅವನ ಅಪ್ಪ ಕೊಟ್ಟ ಗಡಿಯಾರ. ‘ನಾನು ಎಬ್ಬಿಸುತ್ತೇನೆ’ ಎಂದಿದ್ದ. ಎಬ್ಬಿಸಿದ ಕೂಡ, ಸರಿಯಾಗಿ ಐದೂಮುಕ್ಕಾಲಿಗೆ. ಆದರೆ ಅಂದು ಮಾರ್ಚ್ ತಿಂಗಳ ಕೊನೆಯ ಭಾನುವಾರ. ಬೇಸಿಗೆಯ ಕಾಲಮಾನ ಶುರುವಾಗಿ, ನಸುಕಿನ ಎರಡು ಗಂಟೆಗೆ ಮಧ್ಯ ಯುರೋಪಿನ ಗಡಿಯಾರಗಳೆಲ್ಲ ಮೂರಕ್ಕೆ ಜಿಗಿದಿದ್ದವು, ಅವನ ಅಪ್ಪನದೊಂದನ್ನು ಬಿಟ್ಟು. ಮೊಬೈಲ್ ತೆಗೆದು ನೋಡಿದರೆ ಆರೂಮುಕ್ಕಾಲು, ಸೂರ್ಯ ಆಗಲೇ ಹುಟ್ಟಿದ್ದ. ವಿಶ್ವಾವಸು ಸಂವತ್ಸರದ ಮೊದಲ ದಿನಕ್ಕೆ ನಮ್ಮ ಪಾಲಿಗೆ ಇಪ್ಪತ್ತಮೂರೇ ಗಂಟೆ.

9ನೇ ನಂಬರಿನ ಟ್ರಾಮ್ ಹಿಡಿದು, ನದಿಯ ದಂಡೆಯಲ್ಲಿ ನಡೆದು ಸೇತುವೆ ತಲುಪಿದಾಗ ಏಳೂಮುಕ್ಕಾಲು. ಆದರೂ ಜನ ವಿರಳ. ಹಿಂದಿನ ಸಂಜೆ ಇದೇ ಜಾಗದಲ್ಲಿ ಒಬ್ಬರ ಹೆಗಲಿಗೆ ಒಬ್ಬರು ತಾಗುತ್ತ ನಡೆದಿದ್ದೆವು. 1357ರಲ್ಲಿ ಕಲ್ಲು ಹಾಕಿದ ಸೇತುವೆ, 516 ಮೀಟರ್ ಉದ್ದ, ಎರಡೂ ಬದಿಗೆ ಮೂವತ್ತು ಪ್ರತಿಮೆಗಳು. ನಮ್ಮ ಡ್ರೆಸ್ಡೆನ್‌ನಲ್ಲಿ ಅದಕ್ಕೆ ಆರು ತಿಂಗಳ ಹಿಂದಷ್ಟೇ ಕರೋಲಾ ಸೇತುವೆಯ ಒಂದು ಭಾಗ ರಾತ್ರೋರಾತ್ರಿ ನದಿಗೆ ಕುಸಿದಿತ್ತು. ಹಳೆಯದೆಲ್ಲ ಗಟ್ಟಿ ಎನ್ನಲು ಬಾಯಿ ತೆರೆದೆ, ಆದರೆ 1890ರ ಪ್ರವಾಹದಲ್ಲಿ ಇದರ ಮೂರು ಕಮಾನುಗಳೂ ಬಿದ್ದಿದ್ದವೆಂದು ಪುತ್ತೂರಿನವಳು ಓದಿ ಹೇಳಿದಳು.

ಎಂಟಕ್ಕೆ ಸರಿಯಾಗಿ ಅಮ್ಮನ ಕರೆ. ಊರಿನ ಹನ್ನೊಂದೂವರೆ ಎಂದರೆ ನಮ್ಮ ಏಳು ಎಂದು ಅಮ್ಮ ಲೆಕ್ಕ ಹಾಕಿದ್ದಳು. ನಾಲ್ಕೂವರೆ ಗಂಟೆಯ ಅಂತರ ರಾತ್ರಿ ಬೆಳಗಾಗುವುದರಲ್ಲಿ ಮೂರೂವರೆಯಾಗಿದೆ ಎಂದು ಅವಳಿಗೆ ತಿಳಿಸಿ ಹೇಳುವುದೇ ಐದು ನಿಮಿಷದ ಕೆಲಸವಾಯಿತು. ಬೇವಿನ ಎಲೆ ಸಿಕ್ಕಿರಲಿಲ್ಲ. ಡ್ರೆಸ್ಡೆನ್‌ನಿಂದ ತಂದಿದ್ದ ಬೆಲ್ಲದ ಚೂರಿಗೆ ಎರಡೆರಡು ಮೆಂತ್ಯದ ಕಾಳು ಸೇರಿಸಿ ಎಲ್ಲರಿಗೂ ಹಂಚಿದೆ. ‘ನಮಗೆ ಬಿಸು ಏಪ್ರಿಲ್‌ನಲ್ಲಿ’ ಎಂದಳು ಪುತ್ತೂರಿನವಳು. ‘ನಮಗೂ ಪುತ್ತಾಂಡು ಆಗಲೇ’ ಎಂದಳು ಕೊಯಮತ್ತೂರಿನವಳು. ಮೆಂತ್ಯ ಪಕ್ಕಕ್ಕಿಟ್ಟು ಇಬ್ಬರೂ ಬೆಲ್ಲ ಮಾತ್ರ ತಿಂದರು.

ಒಂಬತ್ತಕ್ಕೆ ಯೋಸೆಫೊವ್ ಬಾಗಿಲು ತೆರೆಯಿತು. ಇನ್ನೂ ಎರಡು ಕಡೆ ಹೋಗಬಹುದಿತ್ತು, ಹೋಗಲಿಲ್ಲ, ಮಧ್ಯಾಹ್ನದವರೆಗೆ ಅಲ್ಲೇ ಉಳಿದೆವು. ಪಿಂಕಸ್ ಸಿನಗಾಗ್‌ನ, ಅಂದರೆ ಯಹೂದಿ ಪ್ರಾರ್ಥನಾ ಮಂದಿರದ, ಗೋಡೆಗಳ ಮೇಲೆ ಚಿತ್ರವಿಲ್ಲ, ಬರೀ ಹೆಸರುಗಳು. ನಾಜಿಗಳು ಕೊಂದ, ಜೆಕ್ ಪ್ರದೇಶಗಳಾದ ಬೊಹೀಮಿಯಾ ಮತ್ತು ಮೊರಾವಿಯಾದ ಸುಮಾರು 80,000 ಯಹೂದಿಗಳ ಹೆಸರು, ಹುಟ್ಟಿದ ದಿನ, ಕೊನೆಯದಾಗಿ ತಿಳಿದ ದಿನ. ಎಲ್ಲವನ್ನೂ ಕೈಯಿಂದ ಬರೆದಿದ್ದಾರೆ. ದೂರದಿಂದ ಗೋಡೆಗೆ ಬೂದು ಬಣ್ಣ ಹಚ್ಚಿದಂತೆ ಕಾಣುತ್ತದೆ, ಹತ್ತಿರ ಹೋದರೆ ಅಕ್ಷರ. ಮಹಡಿಯ ಮೇಲೆ ತೆರೆಜಿನ್ ಎಂಬ ನಾಜಿ ಶಿಬಿರದ ಮಕ್ಕಳು ಬಿಡಿಸಿದ ಚಿತ್ರಗಳು: ಮನೆ, ಚಿಟ್ಟೆ, ಊಟದ ಮೇಜು. ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಎಂಬ ಕಲಾವಿದೆ ಶಿಬಿರದಲ್ಲೇ ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುತ್ತಿದ್ದಳು. 1944ರಲ್ಲಿ ಅವಳನ್ನು ಆಶ್ವಿಟ್ಸ್‌ಗೆ ಕಳಿಸಿ ಕೊಂದರು. ಹೋಗುವ ಮೊದಲು ಎರಡು ಸೂಟ್‌ಕೇಸ್ ತುಂಬ ಚಿತ್ರಗಳನ್ನು ಅಡಗಿಸಿಟ್ಟಿದ್ದಳು. ಹಿಂಭಾಗದ ಸ್ಮಶಾನದಲ್ಲಿ ಜಾಗ ಸಾಲದೆ ಗೋರಿಯ ಮೇಲೆ ಗೋರಿ ಹೂಡಿ, ಸುಮಾರು 12,000 ಕಲ್ಲುಗಳು ಒಂದಕ್ಕೊಂದು ಒರಗಿ ನಿಂತಿವೆ. ಅಷ್ಟು ಹೊತ್ತು ಧಾರವಾಡದವನು ಒಂದೂ ತಮಾಷೆ ಮಾಡಲಿಲ್ಲ.

ಒಬ್ಬೊಬ್ಬರಿಗೆ ಒಟ್ಟು 118 ಯೂರೊ ಖರ್ಚಾಗಿತ್ತು, ಧಾರವಾಡದವನಿಗೆ ಬಸ್ಸಿನದು ಬೇರೆ. ಸಂಜೆಯ ರೈಲಿನಲ್ಲಿ ಬಲಗಡೆ ಕುಳಿತೆವು. ಮುಕ್ಕಾಲು ಗಂಟೆಯಾದ ಮೇಲೆ ನಾನು ನಿಲ್ದಾಣಗಳ ಹೆಸರು ನೋಡತೊಡಗಿದೆ. ಬೊಹುಶೊವಿತ್ಸೆ ಎಂಬಲ್ಲಿ ನಮ್ಮ ರೈಲು ನಿಲ್ಲುವುದಿಲ್ಲ. 1943ರವರೆಗೆ ತೆರೆಜಿನ್‌ಗೆ ಸಾಗಿಸಿದವರನ್ನು ಇಳಿಸುತ್ತಿದ್ದದ್ದು ಇಲ್ಲೇ, ಇಲ್ಲಿಂದ ಗಂಟುಮೂಟೆ ಹೊತ್ತು ಮೂರು ಕಿಲೋಮೀಟರ್ ನಡೆಸುತ್ತಿದ್ದರು. ಹೋಗುವಾಗಲೂ ಇದೇ ದಾರಿಯಲ್ಲಿ ಬಂದಿದ್ದೆವು, ಚಪಾತಿ ತಿನ್ನುತ್ತ. ಬೋರ್ಡು ಕಂಡಿತು, ಹೋಯಿತು.

ಬಾಡ್ ಶಾಂಡೌನಲ್ಲಿ ಜರ್ಮನ್ ಪೊಲೀಸರಿಬ್ಬರು ಹತ್ತಿದರು. ಅವರು ಕೇಳುವ ಮೊದಲೇ ಧಾರವಾಡದವನು ಪಿನ್ನು ಬಿಚ್ಚಿ ಪಾಸ್‌ಪೋರ್ಟ್ ಚಾಚಿದ. ಅವರು ಒಂದು ಪುಟ ತಿರುವಿ, ಕಾರ್ಡ್ ನೋಡಿ, ಮರಳಿಸಿ ಮುಂದಿನ ಸೀಟಿಗೆ ಹೋದರು. ಅವನು ಅದನ್ನು ಒಳಗಿಟ್ಟು, ಪಿನ್ನು ಚುಚ್ಚಿ, ಆಮೇಲೆ ಕೈಗಡಿಯಾರದ ಮುಳ್ಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ.