ಆರು ವಾದ್ಯ, ಹನ್ನೆರಡು ಚಾನೆಲ್, ಒಂದೇ ಕ್ಲಾಕ್

ಸುಮಾರು ಎರಡು ವರ್ಷ ಒದ್ದಾಡಿದ ಮೇಲೆ ಕೊನೆಗೂ ಕೂಡಿಬಂತು. ಕೀಬೋರ್ಡ್, ಸಿಂತ್ (ಸಿಂಥಸೈಜರ್), ಡ್ರಮ್ ಮಷಿನ್, ಬೇಸ್, ಗಿಟಾರ್, ದನಿ ಹಿಡಿಯುವ ಪಿಕಪ್ ಹಾಕಿದ ವಯೊಲಿನ್, ಜೊತೆಗೊಂದು ಮೈಕ್, ಎಲ್ಲವೂ ಈಗ ಸದಾ ಕಂಪ್ಯೂಟರ್‌ಗೆ ಸಿಕ್ಕಿಸಿಯೇ ಇರುತ್ತವೆ, ಒಟ್ಟಿಗೆ ನುಡಿಸಿದರೂ ಬೇರೆಬೇರೆ ಚಾನೆಲ್‌ನಲ್ಲಿ ರೆಕಾರ್ಡ್ ಆಗುತ್ತವೆ. ಒಂದು ಕೇಬಲ್ ಕಿತ್ತು ಇನ್ನೊಂದು ಹಾಕುವ ರಗಳೆ ಇಲ್ಲ. ‘ಮನೆಯಲ್ಲಿ ಇದೆಲ್ಲ ಆಗುವ ಮಾತಲ್ಲ, ಮಿಕ್ಸರ್‌ಗೆ ಹಾಕಿ ಎರಡು ಚಾನೆಲ್‌ನಲ್ಲಿ ಮುಗಿಸು’ ಎಂದಿದ್ದ ಗೆಳೆಯರೇ ಈಗ ತಮ್ಮ ವಾದ್ಯ ಹೊತ್ತುಕೊಂಡು ನನ್ನ ಕೋಣೆಗೆ ಬರುತ್ತಾರೆ.

ಅವರ ಮಾತು ಕೇಳಿ ಮೊದಲು ಕೈ ಸುಟ್ಟುಕೊಂಡಿದ್ದು ಮಿಕ್ಸರ್‌ನಲ್ಲೇ. ನುಡಿಸುವಾಗ ಚೆನ್ನಾಗಿಯೇ ಇತ್ತು. ಮಾರನೆಯ ದಿನ ಕೇಳಿದರೆ ಸ್ನೇರ್ (ಡ್ರಮ್‌ನ ಚಟ್ ಎನ್ನುವ ಪೆಟ್ಟು) ಜಾಸ್ತಿ, ವಯೊಲಿನ್ ಕಮ್ಮಿ. ಎಲ್ಲ ಬೆರೆತು ಎರಡೇ ಚಾನೆಲ್ ಆಗಿರುವಾಗ ಸ್ನೇರ್ ಒಂದನ್ನೇ ಇಳಿಸುವುದು ಹೇಗೆ? ಒಳ್ಳೊಳ್ಳೆಯ ಮೂರು ಟೇಕ್ ಹಾಗೇ ಹೋದವು. ಮಿಕ್ಸರನ್ನು ಕೊಂಡ ಬೆಲೆಯ ಅರ್ಧಕ್ಕೆ ಮಾರಿದೆ.

ಎರಡನೆಯ ತಪ್ಪು ಇನ್ನೂ ದುಬಾರಿ. ವಾದ್ಯದ ದನಿಯನ್ನು ಕಂಪ್ಯೂಟರ್‌ಗೆ ದಾಟಿಸುವ ಡಬ್ಬಿಗೆ ಇಂಟರ್‌ಫೇಸ್ ಅನ್ನುತ್ತಾರೆ. ಇದ್ದ ಸಣ್ಣ ಯುಎಸ್‌ಬಿ ಇಂಟರ್‌ಫೇಸ್ ಜೊತೆಗೆ ಅಂಥದ್ದೇ ಇನ್ನೊಂದು ಕೊಂಡು, ಎರಡನ್ನೂ ಸಾಫ್ಟ್‌ವೇರ್‌ನಲ್ಲಿ ಜೋಡಿಸಿದೆ. ಮೊದಲ ನಿಮಿಷ ಎಲ್ಲ ಸರಿ. ಐದು ನಿಮಿಷದ ಹಾಡಿನ ಕೊನೆಗೆ ಬಂದರೆ ವಯೊಲಿನ್ ತಾಳದ ಹಿಂದೆ ಬಿದ್ದಿರುತ್ತಿತ್ತು. ನನ್ನ ಕೈಯೇ ಸರಿಯಿಲ್ಲವೇನೋ ಅಂದುಕೊಂಡು ವಾರಗಟ್ಟಲೆ ಮೆಟ್ರೊನೋಮ್ ಇಟ್ಟು ಅಭ್ಯಾಸ ಮಾಡಿದೆ. ಆಮೇಲೆ ಒಂದೇ ಕ್ಲಿಕ್ಕನ್ನು ಎರಡು ಡಬ್ಬಿಗೂ ಕೊಟ್ಟು ರೆಕಾರ್ಡ್ ಮಾಡಿ, ವೇವ್‌ಫಾರ್ಮನ್ನು ದೊಡ್ಡದು ಮಾಡಿ ನೋಡಿದೆ. ಶುರುವಿನಲ್ಲಿ ಎರಡೂ ಗೆರೆ ಒಂದರ ಮೇಲೊಂದು ಕೂತಿದ್ದವು. ಐದನೇ ನಿಮಿಷಕ್ಕೆ 700 ಚಿಲ್ಲರೆ ಸ್ಯಾಂಪಲ್ ಅಂತರ, ಅಂದರೆ ಸೆಕೆಂಡಿಗೆ 48 ಸಾವಿರ ಸಲ ದನಿ ಅಳೆಯುವ 48 ಕಿಲೋಹರ್ಟ್ಸ್‌ನಲ್ಲಿ ಹತ್ತಿರ ಹತ್ತಿರ 15 ಮಿಲಿಸೆಕೆಂಡ್. ಪ್ರತಿ ಡಬ್ಬಿಗೂ ಅದರದೇ ಕ್ರಿಸ್ಟಲ್, ಸ್ಯಾಂಪಲ್‌ಗಳಿಗೆ ತಾಳ ಹಾಕುವ ಅದರದೇ ಕ್ಲಾಕ್. ಹತ್ತು ಲಕ್ಷಕ್ಕೆ ಐವತ್ತರಷ್ಟು ವ್ಯತ್ಯಾಸವಿದ್ದರೂ ಇಷ್ಟಾಗುತ್ತದೆ. ಮ್ಯಾಕ್‌ನಲ್ಲಿ ಈ ಜಾರುವಿಕೆಯನ್ನು ಸರಿಪಡಿಸುವ ಡ್ರಿಫ್ಟ್ ಕರೆಕ್ಷನ್ ಇದೆ ನಿಜ, ನನ್ನದು ವಿಂಡೋಸ್.

ಎರಡನ್ನೂ ಮಾರಿ, ಬಂದ ದುಡ್ಡಿಗೆ ಸ್ವಲ್ಪ ಸೇರಿಸಿ, ಆ್ಯಡಾಟ್ ಆಪ್ಟಿಕಲ್ ಇನ್‌ಪುಟ್ (ಹಲವು ಚಾನೆಲ್‌ಗಳನ್ನು ಬೆಳಕಿನ ರೂಪದಲ್ಲಿ ಒಂದೇ ಕೇಬಲ್‌ನಲ್ಲಿ ತರುವ ದಾರಿ) ಇರುವ ಎಂಟು ಚಾನೆಲ್‌ನ ಇಂಟರ್‌ಫೇಸನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ. ಕೆಲವು ತಿಂಗಳು ಬಿಟ್ಟು ಸಣ್ಣ ಸಿಗ್ನಲ್ಲನ್ನು ಹಿಗ್ಗಿಸುವ, ಎಂಟು ಚಾನೆಲ್‌ನ ಹಳೆಯ ಪ್ರೀಆ್ಯಂಪ್ ಒಂದು ಸಿಕ್ಕಿತು. ಎರಡರ ನಡುವೆ ಕಡ್ಡಿಯಷ್ಟು ತೆಳ್ಳನೆಯ ಒಂದೇ ಆಪ್ಟಿಕಲ್ ಕೇಬಲ್. ಅದರಲ್ಲಿ 48 ಕಿಲೋಹರ್ಟ್ಸ್‌ಗೆ ಎಂಟು ಚಾನೆಲ್ ಹರಿಯುತ್ತವೆ, 96ಕ್ಕೆ ಏರಿಸಿದರೆ ನಾಲ್ಕೇ. ನನಗೆ 24 ಬಿಟ್, 48 ಧಾರಾಳ ಸಾಕು. ಕೀಬೋರ್ಡ್‌ಗೆ ಎರಡು, ಸಿಂತ್‌ಗೆ ಎರಡು, ಡ್ರಮ್ ಮಷಿನ್‌ಗೆ ಬಿಡಿಬಿಡಿಯಾಗಿ ನಾಲ್ಕು, ಉಳಿದವಕ್ಕೆ ಒಂದೊಂದು. ಒಟ್ಟು ಹನ್ನೆರಡು, ಇನ್ನೂ ನಾಲ್ಕು ಖಾಲಿ.

ಮೊದಲ ದಿನ ಪ್ರತಿ ಎರಡು ಮೂರು ಸೆಕೆಂಡಿಗೊಮ್ಮೆ ‘ಟಿಕ್’. ಕೇಬಲ್ ಬದಲಿಸಿದೆ, ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಎತ್ತಿಕೊಳ್ಳುವ ಸ್ಯಾಂಪಲ್‌ಗಳ ಸಂಖ್ಯೆ) ಏರಿಸಿದೆ, ಏನೂ ಆಗಲಿಲ್ಲ. ಎರಡೂ ಡಬ್ಬಿ ಇಂಟರ್ನಲ್ ಕ್ಲಾಕ್ ಮೇಲೆ ಕೂತಿದ್ದವು. ನನ್ನ ಪ್ರೀಆ್ಯಂಪ್‌ಗೆ ಆಪ್ಟಿಕಲ್ ಔಟ್ ಮಾತ್ರ ಇದೆ, ಇನ್ ಇಲ್ಲ. ಹಾಗಾಗಿ ಅದೇ ಯಜಮಾನ, ಇಂಟರ್‌ಫೇಸ್ ಅದರ ಹಿಂದೆ ನಡೆಯಬೇಕು. ಕ್ಲಾಕ್ ಸೋರ್ಸನ್ನು ಆ್ಯಡಾಟ್‌ಗೆ ತಿರುಗಿಸಿದ ಕ್ಷಣ ನಿಶ್ಶಬ್ದ. ಆ ನಿಶ್ಶಬ್ದವನ್ನು ಹೆಡ್‌ಫೋನ್‌ನಲ್ಲಿ ಐದು ನಿಮಿಷ ಸುಮ್ಮನೆ ಕೇಳುತ್ತಾ ಕೂತಿದ್ದೆ. ಒಂದು ಎಚ್ಚರಿಕೆ: ಪ್ರೀಆ್ಯಂಪ್ ಸ್ವಿಚ್ 44.1ರಲ್ಲಿ ಉಳಿದುಬಿಟ್ಟರೆ 48ರ ಹಾಡು ನಿಧಾನವಾಗಿ, ಹೆಚ್ಚುಕಮ್ಮಿ ಒಂದೂವರೆ ಸೆಮಿಟೋನ್ ಕೆಳಗೆ ಕೇಳುತ್ತದೆ. ನನಗೆ ಎರಡು ಸಲ ಆಗಿದೆ.

ಇನ್ನು ಗುಂಯ್‌ಗುಡುವಿಕೆ. ಗಿಟಾರ್, ಬೇಸ್ ಅಂಥ ವಾದ್ಯಗಳಿಗೆಂದೇ ಇರುವ ಹೈ-ಝೀ ಇನ್‌ಪುಟ್‌ನಲ್ಲಿ ಸರಿಹೋದವು. ವಯೊಲಿನ್‌ನ ಪಿಯೆಜೋ ಪಿಕಪ್ ನೇರ ಲೈನ್ ಇನ್‌ಪುಟ್‌ಗೆ ಹೋದರೆ ಕೆಳಗಿನ ಗಡುಸು ದನಿಯೆಲ್ಲ ಸೋರಿ ತಗಡಿನಂತೆ ಕೇಳುತ್ತದೆ, ಅದಕ್ಕೊಂದು ಪುಟ್ಟ ಪ್ರೀಆ್ಯಂಪ್ ಬೇಕೇ ಬೇಕು. ತಲೆ ತಿಂದಿದ್ದು ಸಿಂತ್. ಆಡಿಯೋ ಕೇಬಲ್ ಜೊತೆಗೆ ಮಿಡಿಗೆಂದು (ದನಿಯಲ್ಲ, ಯಾವ ಸ್ವರ ಯಾವಾಗ ಎಂಬ ಸೂಚನೆ ಒಯ್ಯುವ ವ್ಯವಸ್ಥೆ) ಯುಎಸ್‌ಬಿಯನ್ನೂ ಹಾಕಿದರೆ ಸೊಳ್ಳೆ ಹಾಡಿದಂತೆ ಕೀರಲು ದನಿ, ಮೌಸ್ ಆಡಿಸಿದರೆ ಅದೂ ಆಡುತ್ತದೆ. ಗ್ರೌಂಡ್ ಲೂಪ್, ಅಂದರೆ ಎರಡು ಕೇಬಲ್‌ಗಳ ಅರ್ತ್ ಸೇರಿ ಆದ ಸುತ್ತು. ಯುಎಸ್‌ಬಿ ಕಿತ್ತು ಹಳೆಯ ಐದು ಪಿನ್ನಿನ ಮಿಡಿ ಕೇಬಲ್ ಹಾಕಿದೆ, ದನಿ ಮಾಯ. ಆ ಮಿಡಿ ಇನ್‌ನಲ್ಲಿ ಸಿಗ್ನಲ್ ಬೆಳಕಿನ ಮೂಲಕ ದಾಟುತ್ತದೆ, ತಂತಿಗೆ ತಂತಿ ಮುಟ್ಟುವುದಿಲ್ಲ. 1983ರ ವ್ಯವಸ್ಥೆ ಇವತ್ತಿನದಕ್ಕಿಂತ ಶುದ್ಧ! ಕೀಬೋರ್ಡ್‌ಗೂ ಅಂಥದ್ದೇ ಕಾರಣಕ್ಕೆ, ತಂತಿ ನೇರ ಮುಟ್ಟದಂತೆ ತಡೆಯುವ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಹಾಕಿದೆ. ಅರ್ತ್ ಪಿನ್ ಮುರಿದು ಗುಂಯ್ ನಿಲ್ಲಿಸುವವರನ್ನು ನೋಡಿದ್ದೇನೆ, ಪ್ರಾಣಕ್ಕೆ ಅಪಾಯ, ದಯವಿಟ್ಟು ಬೇಡ.

ಮಧ್ಯೆ ಬೇರೊಂದು ಪ್ರಯೋಗಕ್ಕೂ ಇಳಿದೆ. ಇಂಟರ್‌ಫೇಸ್‌ನ ಔಟನ್ನು ಅದರದೇ ಇನ್‌ಗೆ ಸಿಕ್ಕಿಸಿ ಕ್ಲಿಕ್ ರೆಕಾರ್ಡ್ ಮಾಡಿದರೆ ಎಪ್ಪತ್ತು ಚಿಲ್ಲರೆ ಸ್ಯಾಂಪಲ್ ತಡ ಕಂಡಿತು. ಸಾಫ್ಟ್‌ವೇರ್‌ನ ರೆಕಾರ್ಡಿಂಗ್ ಆಫ್‌ಸೆಟ್‌ನಲ್ಲಿ ಆ ಸಂಖ್ಯೆ ತುಂಬಿದ ಮೇಲೆ ಒಂದರ ಮೇಲೊಂದು ನುಡಿಸಿದ ಟ್ರ್ಯಾಕ್‌ಗಳು ಅಂಟಿಕೊಂಡಂತೆ ಕೂತವು. ಡ್ರಮ್ ಮಷಿನ್ ಮಿಡಿಯಿಂದ ಓಡಿದರೆ ಇನ್ನೂ ನಾಲ್ಕೈದು ಮಿಲಿಸೆಕೆಂಡ್ ಹಿಂದೆ, ಅದನ್ನು ಟ್ರ್ಯಾಕ್ ಸರಿಸಿಯೇ ಸರಿಮಾಡುತ್ತೇನೆ. ಬೇಸ್ ಸಿಗ್ನಲ್ಲನ್ನು ಎರಡಾಗಿ ಒಡೆದು ಖಾಲಿ ಚಾನೆಲ್‌ಗೆ ಕಳಿಸುವ ನನ್ನದೊಂದು ಪಟ್ಟು ಇದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಖರ್ಚು ಲೆಕ್ಕ ಹಾಕಿದರೆ ಕಾಲುಭಾಗದಷ್ಟು ಕೇಬಲ್ ಮತ್ತು ಡಿಐಗೇ ಹೋಗಿದೆ. ಇದನ್ನು ಮೊದಲೇ ಲೆಕ್ಕಕ್ಕೆ ತಗೊಳ್ಳಿ. ಲೆವೆಲ್ ಎಲ್ಲವನ್ನೂ ಪೀಕ್ (ಅತಿ ಜೋರಿನ ಕ್ಷಣ) ಮೈನಸ್ 12 ಡೆಸಿಬೆಲ್ ಆಸುಪಾಸಿಗೆ ಒಮ್ಮೆ ಇಟ್ಟು, ನಾಬ್‌ಗಳ ಪಕ್ಕ ಟೇಪ್ ಅಂಟಿಸಿ ಪೆನ್ನಿನಲ್ಲಿ ಗುರುತು ಹಾಕಿದ್ದೇನೆ. ಬಫರ್ 128 ಸ್ಯಾಂಪಲ್. ಮೊದಲು ಪ್ರೀಆ್ಯಂಪ್ ಆನ್, ಆಮೇಲೆ ಇಂಟರ್‌ಫೇಸ್, ಅದರ ಲಾಕ್ ದೀಪ ಮಿನುಗದೆ ಸ್ಥಿರವಾದ ಮೇಲೆ ಕಂಪ್ಯೂಟರ್.