ಹಳದಿ ಚುಕ್ಕಿಯಿಂದ ಹಸಿರು ಚುಕ್ಕಿಯವರೆಗೆ

ಪಾರ್ಕಿನ್ಸನ್ ಕಾಯಿಲೆಯವರ ಮೆದುಳಿನ ಆಳದಲ್ಲಿ ವಿದ್ಯುತ್ ಪ್ರಚೋದನೆಯ ಚಿಕಿತ್ಸೆಗಾಗಿ ಎಲೆಕ್ಟ್ರೋಡ್ ಇರಿಸಿದ ಮೇಲೆ, ಅದನ್ನು ಎದೆಯ ಚರ್ಮದಡಿಯ ಬ್ಯಾಟರಿಗೆ ಜೋಡಿಸುವ ಮುನ್ನ, ಕೆಲವೆಡೆ ತಂತಿಯ ತುದಿಯನ್ನು ಕೆಲವು ದಿನ ಹೊರಗೇ ಬಿಟ್ಟಿರುತ್ತಾರೆ. ಆ ದಿನಗಳಲ್ಲಿ, ಒಪ್ಪಿಗೆ ಕೊಟ್ಟ ರೋಗಿಗಳಲ್ಲಿ, ಚಲನೆಯನ್ನು ಹದಗೊಳಿಸುವ ಮೆದುಳಿನ ಭಾಗವಾದ ಸಬ್‌ಥಲಾಮಿಕ್ ನ್ಯೂಕ್ಲಿಯಸ್‌ನ ವಿದ್ಯುತ್ ಲಯವನ್ನು ದಾಖಲಿಸುವುದು ನನ್ನ ಕೆಲಸವಾಗಿತ್ತು. ಕಾಳಿನ ಗಾತ್ರದ ಆ ಭಾಗದ ಮಿಡಿತ, ನೆತ್ತಿಯ ಮೇಲೆ ಅಂಟಿಸುವ ಇಇಜಿಗೆ ನೇರವಾಗಿ ದಕ್ಕುವಂಥದ್ದಲ್ಲ.

ಪರೀಕ್ಷೆ ಸರಳ. ಪರದೆಯ ಮೇಲೆ ಹಳದಿ ಚುಕ್ಕಿ ಬಂದರೆ ಸಿದ್ಧರಾಗಬೇಕು, ಹಸಿರು ಬಂದೊಡನೆ ಗುಂಡಿ ಒತ್ತಬೇಕು. ಇಂತಹ ಎರಡು ಸಂಕೇತಗಳ ನಡುವೆ ನೆತ್ತಿಯ ಮೇಲೆ ಋಣ ವಿದ್ಯುತ್ ವಿಭವವೊಂದು ನಿಧಾನವಾಗಿ ಬೆಳೆಯುವುದನ್ನು ನರವಿಜ್ಞಾನಿ ಗ್ರೇ ವಾಲ್ಟರ್ 1964ರಲ್ಲೇ ತೋರಿಸಿದ್ದರು. ಅದೇ ಹೊತ್ತಿನಲ್ಲಿ ಆಳದ ಬೀಟಾ ಲಯ, ಅಂದರೆ ಸುಮಾರು 13ರಿಂದ 30 ಹರ್ಟ್ಸ್‌ನ ಅಲೆಗಳು, ಏನಾಗುತ್ತವೆ ಎಂಬುದು ನನ್ನ ಪ್ರಶ್ನೆಯಾಗಿತ್ತು.

ಮೊದಲು ನಾನು ಎರಡು ಚುಕ್ಕಿಗಳ ಅಂತರವನ್ನು ಸರಿಯಾಗಿ 2 ಸೆಕೆಂಡಿಗೆ ನಿಲ್ಲಿಸಿದ್ದೆ, ಅದೇ ತಪ್ಪಾಯಿತು. ಹತ್ತು ಸಲ ಆಗುವಷ್ಟರಲ್ಲಿ ಕೈಗೆ ಲೆಕ್ಕ ಸಿಕ್ಕಿ, ಹಸಿರು ಕಾಣುವ ಮೊದಲೇ ಬೆರಳು ಒತ್ತಿಬಿಡುತ್ತಿತ್ತು. ಬೀಟಾ ತಗ್ಗಿದ್ದು ಸಿದ್ಧತೆಯಿಂದಲೋ ಆಗಲೇ ಶುರುವಾದ ಚಲನೆಯಿಂದಲೋ ಹೇಳಲಾಗಲಿಲ್ಲ. ಆ ದಾಖಲೆಗಳನ್ನೆಲ್ಲ ಬದಿಗಿಟ್ಟು, ಅಂತರವನ್ನು 1.5ರಿಂದ 3 ಸೆಕೆಂಡಿನೊಳಗೆ ಮನಬಂದಂತೆ ಬದಲಿಸಿದೆ, ನಡುನಡುವೆ ಹಸಿರು ಚುಕ್ಕಿ ಬಾರದ ಸರದಿಗಳನ್ನೂ ಸೇರಿಸಿದೆ, ಹಸಿರು ಬಂದು 100 ಮಿಲಿಸೆಕೆಂಡಿನೊಳಗೆ ಬಿದ್ದ ಒತ್ತುಗಳನ್ನು ಊಹೆಯೆಂದು ಕೈಬಿಟ್ಟೆ. (ಕಾದಷ್ಟೂ ‘ಇನ್ನೇನು ಬಂತು’ ಎಂಬ ನಿರೀಕ್ಷೆ ಏರುವುದನ್ನು ಇದರಿಂದಲೂ ಪೂರ್ತಿ ತಪ್ಪಿಸಲಾಗದು.)

ಇನ್ನೊಂದು ತೊಡಕು ಗಡಿಯಾರದ್ದು. 60 ಹರ್ಟ್ಸ್‌ನ ಪರದೆ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ ಮಾತ್ರ ಚಿತ್ರ ಬದಲಿಸುವುದರಿಂದ, ಕಂಪ್ಯೂಟರ್ ಬರೆದಿಡುವ ಹೊತ್ತಿಗೂ ಕಣ್ಣಿಗೆ ಚುಕ್ಕಿ ಬೀಳುವ ಹೊತ್ತಿಗೂ ತಾಳೆಯಾಗುತ್ತಿರಲಿಲ್ಲ. ಪರದೆಯ ಮೂಲೆಗೆ ಬೆಳಕಿನ ಸೆನ್ಸರ್ ಅಂಟಿಸಿ, ಅದರ ಸಂಕೇತವನ್ನು ಮೆದುಳಿನ ಸಂಕೇತ ಬರುವ ಆಂಪ್ಲಿಫೈಯರ್‌ಗೇ ಕೊಟ್ಟ ಮೇಲೆ ತಾಳೆಯಾಯಿತು.

ಎಲ್ಲ ಸರದಿಗಳ ಸರಾಸರಿ ತೆಗೆದಾಗ, ಹಳದಿ ಕಂಡ ಮೇಲೆ ಬೀಟಾ ಸ್ವಲ್ಪ ತಗ್ಗಿ, ಹಸಿರಿನ ನಂತರ ಬೆರಳು ಅಲುಗುವ ಮುನ್ನವೇ ಆಳಕ್ಕಿಳಿದು, ಒತ್ತಿದ ಮೇಲೆ ಮೊದಲಿಗಿಂತಲೂ ಮೇಲೇರುವುದು ಕಂಡಿತು. ಒಂದೊಂದೇ ಸರದಿಯನ್ನು ಬಿಡಿಸಿ ನೋಡಿದರೆ ಆ ನಯವಾದ ಇಳಿಜಾರು ಎಲ್ಲಿಯೂ ಇರಲಿಲ್ಲ. ಮಿಂಚಿ ಮರೆಯಾಗುವ ಅಲೆಗಳ ಗೊಂಚಲುಗಳಷ್ಟೇ ಇದ್ದವು, ಮತ್ತು ಹಸಿರಿಗೆ ತುಸು ಮುಂಚೆ ಅಂಥ ಗೊಂಚಲು ಮೂಡಿದ್ದರೆ ಬೆರಳು ತಡವಾಗುವುದೇ ಹೆಚ್ಚು. ಸರಾಸರಿಯ ಗೆರೆಯನ್ನು ನಾನು ಅಲ್ಲಿಯವರೆಗೆ ಅತಿಯಾಗಿ ನಂಬಿದ್ದೆ.

ಹಿಂದಿನ ರಾತ್ರಿಯಿಂದ ಮಾತ್ರೆ ನಿಲ್ಲಿಸಿ ಬಂದಿದ್ದ ಹಿರಿಯರೊಬ್ಬರು, “ಒತ್ತಬೇಕು ಅಂತ ಗೊತ್ತಾಗುತ್ತೆ ಸಾರ್, ಬೆರಳೇ ಹೊರಡಲ್ಲ” ಎಂದರು. ಅವರ ಬೀಟಾ ಎತ್ತರದಲ್ಲೇ ನಿಂತಿತ್ತು, ಹಸಿರಿಗೂ ಅರೆಮನಸ್ಸಿನಿಂದ ತಗ್ಗುತ್ತಿತ್ತು. ಪಾರ್ಕಿನ್ಸನ್‌ನ ಮದ್ದಾದ ಲೆವೊಡೋಪಾ ಕೊಟ್ಟು ಒಂದು ಗಂಟೆ ಕಾದು ಅದೇ ಪರೀಕ್ಷೆ ನಡೆಸಿದಾಗ ಇಳಿತ ಆಳವಾಯಿತು, ಗುಂಡಿಯ ಸದ್ದೂ ಬೇಗ ಕೇಳಿಸಿತು.

ಕೊನೆಗೆ ನಾನು ಹೆಚ್ಚು ಹೊತ್ತು ನೋಡುತ್ತ ಕುಳಿತದ್ದು ಹಸಿರೇ ಬಾರದ ಸರದಿಗಳನ್ನು. ಅಲ್ಲಿ ಬೆರಳು ಕದಲಿರಲಿಲ್ಲ, ಸ್ನಾಯುವಿನ ವಿದ್ಯುತ್ ದಾಖಲೆಯ ಗೆರೆ ಮಟ್ಟಸವಾಗಿತ್ತು. ಆದರೂ ಹಳದಿಯ ಬೆನ್ನಿಗೇ ಬೀಟಾ ತಗ್ಗಿ, ಬಾರದ ಚುಕ್ಕಿಗಾಗಿ ಕಾದು, ತಾನಾಗಿ ಮೇಲೆ ಬಂದಿತ್ತು.